ಬ್ರಿಟನ್ನಿನಲ್ಲಿ ಗೃಹಶುಶ್ರೂಷಕರ ಭತ್ಯೆ: ಒಂದು ಚಾರಿತ್ರಿಕ ಸಮೀಕ್ಷೆ

ಮನೆಯಲ್ಲಿ ಅಶಕ್ತರನ್ನೂ ವೃದ್ಧರನ್ನೂ ನೋಡಿಕೊಳ್ಳತಕ್ಕವರ ದುಡಿಮೆಗೆ ವೇತನವಿಲ್ಲ. ಈ ಕಾರ್ಯಕ್ಕಾಗಿ ಉದ್ಯೋಗವನ್ನು ತ್ಯಜಿಸಿದವರ ಜೀವನಾಧಾರವೇನೆಂಬ ಪ್ರಶ್ನೆಯನ್ನು ಬ್ರಿಟನ್ನಿನ ಶಾಸನಗಳು ಬಹುಕಾಲ ಪರಿಗಣಿಸಲಿಲ್ಲ. 1942ರ ಬೆವರಿಜ್ ವರದಿಯು ನಿರುದ್ಯೋಗ, ಅನಾರೋಗ್ಯ, ವಾರ್ಧಕ್ಯಗಳಿಗೆ ವಿಮಾರಕ್ಷಣೆಯನ್ನು ಸೂಚಿಸಿತು. ಆದರೆ ಗೃಹಿಣಿಯನ್ನು ಪತಿಯ ಗಳಿಕೆಯನ್ನು ಅವಲಂಬಿಸಿದವಳೆಂದೇ ಎಣಿಸಿತು. ಮುಂದೆ ಶುಶ್ರೂಷಕರಿಗೆ ದೊರೆತ ಭತ್ಯೆಯ ಸ್ವರೂಪವನ್ನು ನಿರ್ಧರಿಸಿದುದು ಈ ಎಣಿಕೆಯೇ.

ತಂದೆತಾಯಿಗಳ ಆರೈಕೆಗಾಗಿ ತನ್ನ ವೃತ್ತಿಯನ್ನು ಬಿಟ್ಟ ಧರ್ಮೋಪದೇಶಕಿ ಮೇರಿ ವೆಬ್‌ಸ್ಟರ್ 1963ರಲ್ಲಿ ಪತ್ರಿಕೆಗಳಿಗೆ ಬರೆದು, ತನ್ನಂತಹ ಅವಿವಾಹಿತೆಯರ ಸಂಕಷ್ಟವನ್ನು ಬೆಳಕಿಗೆ ತಂದಳು. 1965ರಲ್ಲಿ ಅವರ ಹಿತರಕ್ಷಣೆಗಾಗಿ ರಾಷ್ಟ್ರೀಯ ಸಂಸ್ಥೆಯೊಂದು ಸ್ಥಾಪಿತವಾಯಿತು. 1971ರಲ್ಲಿ ಜಾರಿಗೆ ಬಂದ ಪರಿಚರ್ಯಾ ಭತ್ಯೆಯು ಅಶಕ್ತರಿಗೆ ಸಲ್ಲುತ್ತಿತ್ತೇ ಹೊರತು ಅವರ ಸೇವೆ ಮಾಡುವವರಿಗಲ್ಲ. ಇವರಿಗೆಂದೇ ಪ್ರತ್ಯೇಕ ಭತ್ಯೆ ಏರ್ಪಟ್ಟುದು 1976ರಲ್ಲಿ. ವಾರಕ್ಕೆ ಕನಿಷ್ಠ 35 ಗಂಟೆಗಳ ಶುಶ್ರೂಷೆ ಅದರ ನಿಬಂಧನೆಯಾಗಿತ್ತು.

ಆದರೆ ವಿವಾಹಿತೆಯರಿಗೆ ಈ ಭತ್ಯೆ ದೊರೆಯಲಿಲ್ಲ. ಅವರು ಹೇಗಿದ್ದರೂ ಮನೆಯಲ್ಲಿಯೇ ಇರಬಹುದಾದವರು, ಆದುದರಿಂದ ಅವರಿಗೆ ವೇತನನಷ್ಟವಿಲ್ಲವೆಂಬುದು ಸರ್ಕಾರದ ವಾದ. ಶುಶ್ರೂಷೆಯ ಬೆಲೆಯನ್ನಲ್ಲ, ಕಳೆದುಕೊಂಡ ಸಂಬಳವನ್ನು ಶಾಸನವು ಅಳೆಯಿತೆಂಬುದು ಇದರಿಂದ ವಿದಿತವಾಗುತ್ತದೆ. ತಾಯಿಯ ಆರೈಕೆಗಾಗಿ 1984ರಲ್ಲಿ ಉದ್ಯೋಗವನ್ನು ಬಿಟ್ಟ ವಿವಾಹಿತೆ ಜಾಕ್ವೆಲಿನ್ ಡ್ರೇಕ್ ಈ ನಿಯಮವನ್ನು ಪ್ರಶ್ನಿಸಿದಳು. ಸಾಮಾಜಿಕ ಭದ್ರತೆಯಲ್ಲಿ ಸ್ತ್ರೀಪುರುಷರ ಸಮಾನತೆಯನ್ನು ವಿಧಿಸಿದ 1978ರ ಯೂರೋಪಿಯನ್ ನಿರ್ದೇಶನಕ್ಕೆ ಇದು ವಿರುದ್ಧವೆಂದು ಯೂರೋಪಿಯನ್ ನ್ಯಾಯಾಲಯವು 1986ರ ಜೂನ್ 24ರಂದು ತೀರ್ಪಿತ್ತಿತು. ಅದರ ಹಿಂದಿನ ದಿನವೇ ಸರ್ಕಾರವು ಭತ್ಯೆಯನ್ನು ವಿವಾಹಿತೆಯರಿಗೂ ವಿಸ್ತರಿಸುವುದಾಗಿ ಸಾರಿತ್ತು!

ಹೀಗೆ ಅರ್ಹರ ಸಂಖ್ಯೆ ಹೆಚ್ಚಿತಾದರೂ ಕಡುಬಡವರಿಗಾದ ಲಾಭ ಅಲ್ಪವೇ. ಬಡವರಿಗೆ ದೊರೆಯುವ ಆದಾಯಸಹಾಯದ ಲೆಕ್ಕದಲ್ಲಿ ಈ ಭತ್ಯೆಯನ್ನು ವರಮಾನವೆಂದು ಎಣಿಸಿ, ಅಷ್ಟೇ ಹಣವನ್ನು ಕಳೆಯುತ್ತಿದ್ದರು. ಒಂದು ಕೈಯಿಂದ ಕೊಟ್ಟುದನ್ನು ಇನ್ನೊಂದು ಕೈ ಕಿತ್ತುಕೊಳ್ಳುತ್ತಿತ್ತು. 1990ರಲ್ಲಿ ಆದಾಯಸಹಾಯಕ್ಕೆ ಶುಶ್ರೂಷಕರ ಹೆಚ್ಚುವರಿ ಮೊತ್ತವನ್ನು ಸೇರಿಸಿದ ಬಳಿಕ ಈ ಕೊರತೆ ಕೊಂಚಮಟ್ಟಿಗೆ ನೀಗಿತು. 2003ರಲ್ಲಿ ಭತ್ಯೆಯ ಹೆಸರು ಬದಲಾಯಿತು. 35 ಗಂಟೆಗಳ ನಿಬಂಧನೆಯೂ ಗಳಿಕೆಯ ಮಿತಿಯೂ ಹಾಗೆಯೇ ಉಳಿದುವು.

ಮೇಲಿನ ವಿವೇಚನೆಯಿಂದ ಒಂದಂಶ ಸ್ಪಷ್ಟವಾಗುತ್ತದೆ. 1986ರ ತೀರ್ಪು ಭತ್ಯೆ ಯಾರಿಗೆ ಸಲ್ಲಬೇಕೆಂಬುದನ್ನು ತಿದ್ದಿತು. ಅದು ಯಾತಕ್ಕಾಗಿ ಸಲ್ಲುತ್ತದೆಂಬುದನ್ನಲ್ಲ. ಶುಶ್ರೂಷೆಯನ್ನೇ ದುಡಿಮೆಯೆಂದು ಒಪ್ಪದಿರುವವರೆಗೆ, ಅದಕ್ಕೆ ಕೊಡುವ ಹಣವು ನಷ್ಟಪರಿಹಾರವಾಗಿಯೇ ಉಳಿಯುತ್ತದೆ, ಪ್ರತಿಫಲವಾಗಲಾರದು.