ಕಟ್ಟಳೆಯೋ ಧರ್ಮವೋ? ಹೆಣ್ಣುಮಕ್ಕಳ ಖತ್ನಾದ ಚರಿತ್ರೆ



ಮನೆಮಂದಿಯೆಲ್ಲ ಒಟ್ಟಿಗೆ ಕೂತು ಕೇಳುವಾಗ ಇವತ್ತಿನ ವಿಷಯ ಸ್ವಲ್ಪ ಮುಜುಗರ ತರಬಹುದು. ಆದರೂ ಹೇಳಬೇಕಾಗಿದೆ. ಹೆಣ್ಣುಮಗುವಿನ ಗುಪ್ತಾಂಗದ ಒಂದು ಭಾಗವನ್ನು ಕತ್ತರಿಸುವ ಒಂದು ರೂಢಿ ಜಗತ್ತಿನ ಅನೇಕ ಕಡೆ ಇದೆ. ನಮ್ಮ ಕನ್ನಡ ಪತ್ರಿಕೆಗಳು ಅದನ್ನು ಸ್ತ್ರೀ ಜನನಾಂಗ ಛೇದನ ಎಂದು ಬರೆಯುತ್ತವೆ. ನೀವು ಓದುವ ಮಲಯಾಳ ಪತ್ರಿಕೆಗಳಲ್ಲಿ ಅದು ಚೇಲಾಕರ್ಮ. ಗುಜರಾತಿ ಮಾತಾಡುವ ದಾವೂದಿ ಬೋಹ್ರಾ ಮುಸಲ್ಮಾನರು ಖತ್ನಾ ಅಥವಾ ಖಫ್ಜ್ ಎನ್ನುತ್ತಾರೆ. ಯುನಿಸೆಫ್ ಸಂಸ್ಥೆ 2024ರಲ್ಲಿ ಹೇಳಿದ ಪ್ರಕಾರ ಇದಕ್ಕೆ ಒಳಗಾದ ಹೆಂಗಸರು ಮತ್ತು ಹುಡುಗಿಯರು ಜಗತ್ತಿನಲ್ಲಿ 23 ಕೋಟಿಗೂ ಹೆಚ್ಚು. ಅವರಲ್ಲಿ 14 ಕೋಟಿಗೂ ಹೆಚ್ಚು ಮಂದಿ ಆಫ್ರಿಕದವರು, ಸುಮಾರು 8 ಕೋಟಿ ಮಂದಿ ಏಷ್ಯದವರು.

ಇದು ದೂರದ ಸುದ್ದಿ, ನಮಗೇಕೆ ಎಂದು ನೀವು ಕೇಳಬಹುದು. 2017ರ ಆಗಸ್ಟ್ ತಿಂಗಳಲ್ಲಿ ಈ ಸುದ್ದಿ ಕಲ್ಲಿಕೋಟೆಯಿಂದಲೇ ಬಂತು. ಬೋಹ್ರಾ ಹೆಂಗಸರೂ ಸೇರಿ ಕಟ್ಟಿದ ಸಹಿಯೋ ಎಂಬ ಸಂಘಟನೆ ವಿಚಾರಿಸಿ ನೋಡಿದಾಗ, ಅಲ್ಲಿಯ ಒಂದು ಚಿಕಿತ್ಸಾಲಯದಲ್ಲಿ ಈ ಕರ್ಮ ಮಾಡಿಕೊಡುತ್ತಾರೆ ಎಂಬ ವರದಿ ಹೊರಬಿತ್ತು. ಮಲಯಾಳ ಪತ್ರಿಕೆಗಳು ಅದನ್ನು ಎತ್ತಿಕೊಂಡವು. ಮುಸ್ಲಿಂ ಯುವ ಸಂಘಟನೆಯ ಕಾರ್ಯಕರ್ತರೇ ಚಿಕಿತ್ಸಾಲಯದ ಎದುರು ಪ್ರತಿಭಟನೆ ಮಾಡಿದರು. ಸರಕಾರ ತನಿಖೆಗೆ ಆಜ್ಞೆ ಮಾಡಿತು. ಆಗ ಎರಡು ಬಗೆಯ ಮಾತು ಕೇಳಿಬಂತು. ‘ಇದು ಅವರ ಧರ್ಮದಲ್ಲೇ ಇರುವುದಂತೆ’ ಎಂದು ಕೆಲವರು. ‘ಧರ್ಮದಲ್ಲಿ ಇಲ್ಲವೇ ಇಲ್ಲ, ಎಲ್ಲಿಯೋ ಯಾರದೋ ಕಟ್ಟಳೆ’ ಎಂದು ಇನ್ನು ಕೆಲವರು. ಈ ಎರಡರಲ್ಲಿ ಯಾವುದು ಸರಿ? ಚರಿತ್ರೆಯನ್ನು ಸ್ವಲ್ಪ ಬಿಡಿಸಿ ನೋಡೋಣ.

ಮೊದಲು ಈಜಿಪ್ಟಿಗೆ ಹೋಗೋಣ. ಕ್ರಿಸ್ತಪೂರ್ವ 163ರಲ್ಲಿ ಮೆಂಫಿಸ್ ನಗರದಲ್ಲಿ ಪಪೈರಸ್ ಹಾಳೆಯ ಮೇಲೆ ಗ್ರೀಕ್ ಭಾಷೆಯಲ್ಲಿ ಬರೆದ ಒಂದು ಅರ್ಜಿ ಸಿಕ್ಕಿದೆ. ಮಗಳಿಗೆ ಈಜಿಪ್ಟಿನವರ ಪದ್ಧತಿಯಂತೆ ಈ ಕರ್ಮ ಮಾಡಿಸುವ ಪ್ರಾಯವಾಯಿತು ಎಂದು ಹೇಳಿ ತಾಯಿಯೊಬ್ಬಳು ಹಣ ತೆಗೆದುಕೊಂಡಳು, ಮತ್ತೆ ಕೊಡಲಿಲ್ಲ ಎಂಬುದು ಅದರಲ್ಲಿರುವ ದೂರು. ಅಂದರೆ ಆ ಕಾಲಕ್ಕೇ ಅದು ಖರ್ಚು ಹಾಕಿ ಮಾಡುವ ಮನೆಯ ಕಾರ್ಯವಾಗಿತ್ತು. ಒಂದೂವರೆ ಶತಮಾನದ ಬಳಿಕ ಈಜಿಪ್ಟನ್ನು ಕಂಡ ಸ್ಟ್ರಾಬೋ ಎಂಬ ಗ್ರೀಕ್ ಭೂಗೋಳಜ್ಞನೂ ಇದನ್ನು ಬರೆದಿದ್ದಾನೆ. ಯೇಸುಕ್ರಿಸ್ತ ಹುಟ್ಟುವ ಮೊದಲಿನ ಮಾತು ಇದು. ಪ್ರವಾದಿ ಮಹಮ್ಮದರು ಬಂದದ್ದು ಆ ಅರ್ಜಿ ಬರೆದು ಏಳು ಶತಮಾನಗಳಿಗೂ ಹೆಚ್ಚು ಕಾಲ ಕಳೆದ ಮೇಲೆ. ಆದ್ದರಿಂದ ಈ ಕಟ್ಟಳೆ ಇಸ್ಲಾಮಿನಲ್ಲಿ ಹುಟ್ಟಿತು ಎನ್ನುವ ಮಾತು ನಿಲ್ಲುವುದಿಲ್ಲ.

ಯಾರು ಯಾರು ಮಾಡುತ್ತಾರೆ ಎಂದು ನೋಡಿದರೂ ಅದೇ ತಿಳಿಯುತ್ತದೆ. ಈಜಿಪ್ಟಿನಲ್ಲಿ ಮುಸಲ್ಮಾನರೂ ಮಾಡಿದ್ದಾರೆ, ಕಾಪ್ಟಿಕ್ ಕ್ರೈಸ್ತರೂ ಮಾಡಿದ್ದಾರೆ. ಇಥಿಯೋಪಿಯದಲ್ಲಿ ಕ್ರೈಸ್ತರು, ಮುಸಲ್ಮಾನರು, ಅಲ್ಲಿದ್ದ ಯಹೂದ್ಯರು, ಮೂವರಲ್ಲೂ ಇತ್ತು. ಕೀನ್ಯದಲ್ಲಿ ಕಿಕುಯು ಜನರ ನಡುವೆ 1929ರ ಸುಮಾರಿಗೆ ಮಿಶನರಿಗಳು ಇದನ್ನು ನಿಲ್ಲಿಸಲು ಹೊರಟಾಗ ದೊಡ್ಡ ಗಲಭೆಯೇ ಎದ್ದಿತು. ಇತ್ತ ತುರ್ಕಿ, ಮೊರಾಕ್ಕೊ ಮೊದಲಾದ ಮುಸಲ್ಮಾನ ದೇಶಗಳಲ್ಲಿ ಈ ರೂಢಿಯೇ ಇಲ್ಲ. ಇನ್ನೂ ವಿಚಿತ್ರವೆಂದರೆ, 1860ರ ದಶಕದಲ್ಲಿ ಲಂಡನಿನ ಐಸಾಕ್ ಬೇಕರ್ ಬ್ರೌನ್ ಎಂಬ ವೈದ್ಯ, ಹೆಂಗಸರ ಮೂರ್ಛೆರೋಗಕ್ಕೂ ಮನೋರೋಗಕ್ಕೂ ಇದೇ ಔಷಧ ಎಂದು ಹೇಳಿ ಇಂಥದೇ ಶಸ್ತ್ರಕ್ರಿಯೆ ಮಾಡುತ್ತಿದ್ದ. 1867ರಲ್ಲಿ ವೈದ್ಯರ ಸಂಘ ಅವನನ್ನು ಹೊರಹಾಕಿತು. ಅಲ್ಲಿ ಧರ್ಮವೂ ಇರಲಿಲ್ಲ, ಕುಲಾಚಾರವೂ ಇರಲಿಲ್ಲ. ಹೆಣ್ಣಿನ ಮೈಯನ್ನು ತಿದ್ದಬೇಕು ಎಂಬ ಹಟ ಮಾತ್ರ ಇತ್ತು.

ಹಾಗಾದರೆ ಧರ್ಮಕ್ಕೆ ಇದರಲ್ಲಿ ಏನೂ ಪಾಲಿಲ್ಲವೇ? ಹಾಗೆಂದರೆ ಅದೂ ಸರಿಯಲ್ಲ. ಕುರ್‌ಆನಿನಲ್ಲಿ ಹೆಣ್ಣಿನ ಖತ್ನಾದ ಪ್ರಸ್ತಾಪವಿಲ್ಲ. ಹದೀಸುಗಳಲ್ಲಿ ಒಂದೆರಡು ಕಡೆ ಮಾತು ಬರುತ್ತದೆ. ಅವುಗಳಲ್ಲಿ ಹೆಚ್ಚು ಉಲ್ಲೇಖಗೊಳ್ಳುವ ಒಂದನ್ನು, ಅದನ್ನು ದಾಖಲಿಸಿದ ಅಬೂ ದಾವೂದರೇ ದುರ್ಬಲ ಎಂದಿದ್ದಾರೆ. ಆದರೂ ಮುಂದೆ ಬಂದ ಶಾಸ್ತ್ರಜ್ಞರು ಇದನ್ನು ವಿಚಾರಿಸಿದರು. ಹನಫಿ, ಮಾಲಿಕಿ ಪಂಥದವರಲ್ಲಿ ಅನೇಕರು ಇದು ಕಡ್ಡಾಯವಲ್ಲ, ಮಾಡಿದರೆ ಒಳ್ಳೆಯದು ಎಂದರು. ಶಾಫಿ ಪಂಥದ ಬಹುಪಾಲು ಪಂಡಿತರು ಕಡ್ಡಾಯವೆಂದೇ ಹೇಳಿದರು. ಅಂದರೆ ಮೊದಲೇ ಇದ್ದ ಕಟ್ಟಳೆಯೊಂದು ಶಾಸ್ತ್ರದ ಪುಸ್ತಕದೊಳಗೆ ಬಂದು ಕೂತಿತು.

ಈ ಶಾಫಿ ಪಂಥ ಅಂದರೆ ನಮ್ಮ ಕರಾವಳಿಯ ಪಂಥವೇ. ಯೆಮನಿನ ಕಡೆಯಿಂದ ಹಾಯಿಹಡಗುಗಳಲ್ಲಿ ಬಂದ ಅರಬಿ ವರ್ತಕರೊಡನೆ ಅದು ಭಟ್ಕಳಕ್ಕೆ, ಮಲಬಾರಿಗೆ, ಸಿಂಹಳಕ್ಕೆ, ಮಾಲ್ಡೀವ್ಸಿಗೆ, ಅಲ್ಲಿಂದಾಚೆ ಇಂಡೋನೇಶ್ಯಕ್ಕೆ ಹೋಯಿತು. ತಳಂಗರೆಯ ಮಾಲಿಕ್ ದೀನಾರ್ ಮಸೀದಿಯ ಐತಿಹ್ಯವನ್ನು ನೀವೆಲ್ಲ ಕೇಳಿದ್ದೀರಿ. ಅದೂ ಇದೇ ಸಮುದ್ರದಾರಿಯ ಕಥೆ. ಅದೇ ಹೊತ್ತಿಗೆ ನಮ್ಮ ಉಪ್ಪಳಕ್ಕೆ ಹೋದರೆ ಉರ್ದು ಮಾತಾಡುವ ಹನಫಿಗಳೂ ಇದ್ದಾರೆ. ಒಂದೇ ಪೇಟೆಯಲ್ಲಿ ಎರಡು ಪಂಥಗಳ ಮಸೀದಿಗಳಿಂದ ಬಾಂಗು ಕೇಳುತ್ತದೆ.

ಈಗ ಒಂದು ಮುಖ್ಯವಾದ ವಿಚಾರ ಹೇಳುತ್ತೇನೆ. ಹದಿನಾರನೆಯ ಶತಮಾನದಲ್ಲಿ ಪೊನ್ನಾನಿಯ ಝೈನುದ್ದೀನ್ ಮಖ್ದೂಮರು ‘ಫತ್ಹುಲ್ ಮುಈನ್’ ಎಂಬ ಶಾಫಿ ಧರ್ಮಶಾಸ್ತ್ರದ ಗ್ರಂಥವನ್ನು ಬರೆದರು. ಕೇರಳದ ದರ್ಸುಗಳಲ್ಲಿ ತಲೆತಲಾಂತರದಿಂದ ಪಾಠವಾಗುವ ಗ್ರಂಥ ಅದು. ಅದರಲ್ಲಿ ಖತ್ನಾ ಗಂಡಿಗೂ ಹೆಣ್ಣಿಗೂ ಕಡ್ಡಾಯವೆಂಬ ಅಭಿಪ್ರಾಯವಿದೆ. ಆದರೆ ಅದೇ ಗ್ರಂಥ ಓದಿದ ಮುಸ್ಲಿಯಾರರು ಇರುವ ನಾಡಿನಲ್ಲಿ ಬಹುಪಾಲು ಮಾಪಿಳ್ಳೆ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಈ ಕರ್ಮವಿಲ್ಲ. ಹುಡುಗನ ಸುನ್ನತ್ ಕಲ್ಯಾಣಕ್ಕೆ ನೆಂಟರನ್ನು ಕರೆದು ಊಟ ಹಾಕುತ್ತಾರೆ. ಹುಡುಗಿಯ ಮಟ್ಟಿಗೆ ಅಂಥ ಮಾತೇ ಇಲ್ಲ. ಇಂಡೋನೇಶ್ಯದಲ್ಲಿ ಮಾತ್ರ ಅದೇ ಶಾಫಿ ಪಂಥದವರ ನಡುವೆ, 2013ರ ಸರಕಾರಿ ಸಮೀಕ್ಷೆಯ ಪ್ರಕಾರ ಹನ್ನೊಂದು ವರ್ಷದೊಳಗಿನ ಹುಡುಗಿಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಆಗಿತ್ತು. ಶಾಸ್ತ್ರ ಒಂದೇ, ಮನೆಯ ನಡವಳಿಕೆ ಬೇರೆ. ಶಾಸ್ತ್ರದಲ್ಲಿ ಇದ್ದ ಮಾತ್ರಕ್ಕೆ ಕತ್ತಿ ಮಗುವಿನ ಹತ್ತಿರ ಬರುವುದಿಲ್ಲ. ಅದನ್ನು ತರುವುದು ಮನೆಯವರು.

ಇದು ನಮಗೆ ಹೊಸತೇನೂ ಅಲ್ಲ. ಉತ್ತರ ಮಲಬಾರಿನ ಕರಾವಳಿಯ ಎಷ್ಟೋ ಮಾಪಿಳ್ಳೆ ತರವಾಡುಗಳಲ್ಲಿ ಆಸ್ತಿ ತಾಯಿಯ ಕಡೆಯಿಂದ ಇಳಿಯುತ್ತಿತ್ತು. ಗಂಡನೇ ಹೆಂಡತಿಯ ಮನೆಗೆ ಬರುತ್ತಿದ್ದ. ಕುರ್‌ಆನಿನಲ್ಲಿ ಆಸ್ತಿಯ ಪಾಲು ಸ್ಪಷ್ಟವಾಗಿಯೇ ಇದೆ. ಆದರೂ ಶತಮಾನಗಳ ಕಾಲ ಮರುಮಕ್ಕತ್ತಾಯವೇ ನಡೆಯಿತು. ಮದ್ರಾಸು ಸರಕಾರ 1918ರಲ್ಲಿಯೂ 1939ರಲ್ಲಿಯೂ ಕಾನೂನು ಮಾಡಿ ಅದನ್ನು ಸಡಿಲಿಸಬೇಕಾಯಿತು. ಪಕ್ಕದಲ್ಲೇ ಬಂಟರ ಮನೆಗಳಲ್ಲಿ ಅಳಿಯಸಂತಾನ ಇತ್ತು. ಅದನ್ನು ಯಾವ ಧರ್ಮಶಾಸ್ತ್ರ ಹೇಳಿತ್ತು? ಕಟ್ಟು ಕಟ್ಟಳೆ ಎಂದರೆ ನಮ್ಮೂರಲ್ಲಿ ಅಷ್ಟು ಗಟ್ಟಿ.

ಇನ್ನು ಧರ್ಮವೇ ಇದನ್ನು ಹೇಳಿದೆ ಎಂದು ನಂಬುವವರ ಮಾತಿಗೆ ಬರೋಣ. ದಾವೂದಿ ಬೋಹ್ರಾಗಳು ಶಿಯಾ ಪಂಥದ ಇಸ್ಮಾಯಿಲಿ ಶಾಖೆಯವರು. ಯೆಮನಿನಿಂದ ಗುಜರಾತಿಗೆ ಬಂದ ಪರಂಪರೆ ಅವರದು. ಹತ್ತನೆಯ ಶತಮಾನದ ತಮ್ಮ ಶಾಸ್ತ್ರಗ್ರಂಥದ ಆಧಾರ ಹೇಳಿ, ಸುಮಾರು ಏಳು ವರ್ಷದ ಹುಡುಗಿಗೆ ಅವರು ಖತ್ನಾ ಮಾಡಿಸುತ್ತಾರೆ. ಗುಜರಾತ್, ಮಹಾರಾಷ್ಟ್ರ, ಕೇರಳ ಮೊದಲಾದ ಐದು ರಾಜ್ಯಗಳ ಬೋಹ್ರಾ ಕುಟುಂಬಗಳನ್ನು ಮಾತಾಡಿಸಿ 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮಾತಾಡಿದವರ ಏಳು ವರ್ಷ ದಾಟಿದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 75ರಷ್ಟು ಮಂದಿಗೆ ಇದಾಗಿತ್ತು. ಕರೆದುಕೊಂಡು ಹೋಗುವವರು ತಾಯಿ, ಅಜ್ಜಿ, ಅತ್ತೆ. ಮಿಠಾಯಿ ಕೊಡಿಸುತ್ತೇನೆ, ನೆಂಟರ ಮನೆಗೆ ಹೋಗೋಣ ಎಂದು ಹೇಳಿ ಕರೆದುಕೊಂಡು ಹೋದದ್ದನ್ನು ಎಷ್ಟೋ ಹೆಂಗಸರು ದೊಡ್ಡವರಾದ ಮೇಲೆ ನೆನೆದಿದ್ದಾರೆ. ಆ ತಾಯಂದಿರು ಕ್ರೂರಿಗಳಲ್ಲ. ತಮಗೆ ಆದದ್ದನ್ನು ಮಗಳಿಗೂ ಮಾಡಿಸದಿದ್ದರೆ ಅವಳು ಸಮುದಾಯದ ಹೊರಗೆ ಉಳಿದಾಳು ಎಂಬ ಭಯ ಅವರದು. ಆದರೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ಇದರಿಂದ ಆರೋಗ್ಯಕ್ಕೆ ಯಾವ ಲಾಭವೂ ಇಲ್ಲ. ನೋವು, ರಕ್ತಸ್ರಾವ, ನಂಜು ಇವೆಲ್ಲ ಆಗಬಹುದು. ಹೆಚ್ಚು ಕತ್ತರಿಸಿದಲ್ಲಿ ಹೆರಿಗೆಗೂ ತೊಂದರೆ.

ಇಲ್ಲಿಯೂ ಒಂದು ಸಂಗತಿ ಗಮನಿಸಿ. ಆಸ್ಟ್ರೇಲಿಯದಲ್ಲಿ 2015ರಲ್ಲಿ ಇಬ್ಬರು ಹುಡುಗಿಯರ ವಿಷಯದಲ್ಲಿ ಬೋಹ್ರಾ ಸಮುದಾಯದ ಕೆಲವರು ತಪ್ಪಿತಸ್ಥರೆಂದು ತೀರ್ಪಾಯಿತು. ಅದಾದ ಮೇಲೆ 2016ರಲ್ಲಿ ಸಿಡ್ನಿ, ಲಂಡನ್ ಮೊದಲಾದ ಕಡೆಯ ಬೋಹ್ರಾ ಜಮಾಅತುಗಳು, ನೀವಿರುವ ದೇಶದ ಕಾನೂನನ್ನು ಪಾಲಿಸಿರಿ, ಇದನ್ನು ಮಾಡಿಸಬೇಡಿ ಎಂದು ತಮ್ಮವರಿಗೆ ಪತ್ರ ಬರೆದವು. ಅಲ್ಲಿ ಬಿಡಬಹುದಾದದ್ದನ್ನು ಇಲ್ಲಿ ಬಿಡಲಾಗದು ಎಂದು ಹೇಗೆ ಹೇಳುವುದು? ಈಜಿಪ್ಟಿನಲ್ಲಿಯೂ ಹೀಗೆಯೇ. 2007ರಲ್ಲಿ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಈ ಶಸ್ತ್ರಕ್ರಿಯೆಯಿಂದ ಸತ್ತಾಗ, ಅಲ್ಲಿಯ ಮುಫ್ತಿಯವರೇ ಇದು ನಿಷಿದ್ಧ ಎಂದರು. ಮರುವರ್ಷ ಕಾನೂನು ಬಂತು. ಶಾಸ್ತ್ರ ಬಲ್ಲವರು ಕೂತು ಯೋಚಿಸಿದರೆ ದಾರಿ ಕಾಣುತ್ತದೆ.

ಇನ್ನೊಂದು ಪ್ರಶ್ನೆ ಉಳಿಯಿತು. ಧರ್ಮವೋ ಕಟ್ಟಳೆಯೋ ಎಂದು ನಾವು ಇಷ್ಟೊಂದು ಜಗಳವಾಡುವುದು ಏಕೆ? ಇದಕ್ಕೆ ಕಾರಣ ಹುಡುಕಿದರೆ ದಾರಿ ನಮ್ಮ ಹಳೆಯ ಜಿಲ್ಲೆಗೇ ಬರುತ್ತದೆ. 1956ರ ನವೆಂಬರ್ ಒಂದರ ತನಕ ಕಾಸರಗೋಡು ದಕ್ಷಿಣ ಕನ್ನಡದ ತಾಲೂಕು. ಉಡುಪಿಯೂ ಅದೇ ಜಿಲ್ಲೆಯಲ್ಲಿತ್ತು. ಉಡುಪಿಯ ಶಿರೂರು ಮಠದ ಸ್ವಾಮಿಗಳು ಮದ್ರಾಸು ಸರಕಾರದ ದೇವಸ್ವ ಕಾನೂನಿನ ವಿರುದ್ಧ ಕೋರ್ಟಿಗೆ ಹೋದರು. 1954ರಲ್ಲಿ ಸುಪ್ರೀಂ ಕೋರ್ಟು ಆ ಮೊಕದ್ದಮೆಯಲ್ಲಿ ತೀರ್ಪು ಕೊಡುತ್ತಾ, ಒಂದು ಧರ್ಮಕ್ಕೆ ಅತ್ಯಗತ್ಯವಾದದ್ದು ಯಾವುದು ಎಂಬುದನ್ನು ಮುಖ್ಯವಾಗಿ ಆ ಧರ್ಮದ ಸಿದ್ಧಾಂತಗಳಿಂದಲೇ ತಿಳಿಯಬೇಕು ಎಂದಿತು. ಅಂದಿನಿಂದ ದೇಶದಲ್ಲಿ ಯಾವ ಆಚಾರದ ವ್ಯಾಜ್ಯ ಬಂದರೂ ಮೊದಲ ಪ್ರಶ್ನೆ ಇದೇ: ಇದು ಧರ್ಮದ ಅಗತ್ಯ ಅಂಗವೋ ಅಲ್ಲವೋ?

ಖತ್ನಾದ ಮೊಕದ್ದಮೆಯೂ ಅದೇ ಹಾದಿ ಹಿಡಿಯಿತು. 2017ರಲ್ಲಿ ಇದನ್ನು ನಿಷೇಧಿಸಬೇಕೆಂಬ ಅರ್ಜಿ ಸುಪ್ರೀಂ ಕೋರ್ಟಿಗೆ ಬಂತು. ಕೇಂದ್ರ ಸರಕಾರ 2018ರಲ್ಲಿ ನಿಷೇಧದ ಪರವಾಗಿ ನಿಂತಿತು. ಬೋಹ್ರಾ ಹೆಂಗಸರದೇ ಇನ್ನೊಂದು ಸಂಘ, ಇದು ನಮ್ಮ ಧರ್ಮದ ಅಗತ್ಯ ಅಂಗ ಎಂದು ವಾದಿಸಿತು. 2018ರ ಸೆಪ್ಟೆಂಬರಿನಲ್ಲಿ ವಿಷಯ ಐವರು ನ್ಯಾಯಾಧೀಶರ ಪೀಠಕ್ಕೆ ಹೋಯಿತು. 2019ರಲ್ಲಿ ಶಬರಿಮಲೆಯ ಪ್ರಶ್ನೆಯೊಡನೆ ಸೇರಿ ಇನ್ನೂ ದೊಡ್ಡ ಪೀಠದ ಎದುರಿಗೆ ಬಂತು. ಆದರೆ ನಮ್ಮ ಸಂವಿಧಾನದ 25ನೆಯ ವಿಧಿಯನ್ನು ಓದಿ ನೋಡಿ. ಧರ್ಮದ ಸ್ವಾತಂತ್ರ್ಯ ಕೊಡುವ ವಾಕ್ಯದಲ್ಲೇ, ಅದು ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ ಮತ್ತು ಆರೋಗ್ಯಕ್ಕೆ ಒಳಪಟ್ಟದ್ದು ಎಂದಿದೆ. ಧರ್ಮವೆಂದು ಒಪ್ಪಿದರೂ ಮಗುವಿನ ಆರೋಗ್ಯದ ಪ್ರಶ್ನೆ ಹಾಗೆಯೇ ನಿಲ್ಲುತ್ತದೆ.

ಇದನ್ನು ಕೇಳಿ ಯಾರೂ ನೆರೆಮನೆಯವರತ್ತ ಬೆರಳು ತೋರಿಸುವುದು ಬೇಡ. ಕೊರಗರಿಗೆ ಉಗುರು, ಕೂದಲು ಬೆರೆಸಿದ ಅನ್ನ ಕೊಡುವ ಅಜಲು ಎಂಬ ಪದ್ಧತಿ ನಮ್ಮ ತುಳುನಾಡಿನದೇ. ಅದನ್ನೂ ಹಿಂದಿನಿಂದ ಬಂದ ಕಟ್ಟಳೆ, ಅದರಿಂದ ಮನೆಗೆ ಒಳ್ಳೆಯದಾಗುತ್ತದೆ ಎಂದು ನಂಬಿಕೆಯಿಂದಲೇ ನಡೆಸುತ್ತಿದ್ದರು. ಕರ್ನಾಟಕ ಸರಕಾರ 2000ದಲ್ಲಿ ಕಾನೂನು ಮಾಡಿ ನಿಷೇಧಿಸಬೇಕಾಯಿತು. ತಿನ್ನುವವನ ಅವಮಾನ ಕೊಡುವವನಿಗೆ ಅಷ್ಟು ಕಾಲ ಕಾಣಲೇ ಇಲ್ಲ.

ಹಾಗಾದರೆ ಮೊದಲ ಪ್ರಶ್ನೆಗೆ ಉತ್ತರ? ಚರಿತ್ರೆ ಹೇಳುವುದಿಷ್ಟು. ಇದು ಕ್ರೈಸ್ತ, ಇಸ್ಲಾಂ ಧರ್ಮಗಳಿಗಿಂತ ಹಳೆಯ ಕಟ್ಟಳೆ. ಕೆಲವು ಧರ್ಮಶಾಸ್ತ್ರಗಳು ಅದನ್ನು ಒಳಗೆ ಸೇರಿಸಿಕೊಂಡವು, ಕೆಲವು ಸೇರಿಸಲಿಲ್ಲ. ಸೇರಿಸಿಕೊಂಡ ಕಡೆಯೂ ಕೆಲವರು ಮಾಡಿದರು, ನಮ್ಮ ಕರಾವಳಿಯ ಬಹುಮಂದಿಯಂತೆ ಕೆಲವರು ಬಿಟ್ಟರು. ಬಿಟ್ಟವರ ಧರ್ಮಕ್ಕೆ ಏನೂ ಕುಂದಾಗಲಿಲ್ಲ. ನಿಮ್ಮ ಊರಿನಲ್ಲಿ ಇನ್ನು ಈ ಮಾತು ಬಂದಾಗ, ಧರ್ಮವೋ ಕಟ್ಟಳೆಯೋ ಎಂಬ ಚರ್ಚೆ ಬೇಕಾದಷ್ಟು ನಡೆಯಲಿ. ಅದು ಮುಗಿಯುವ ತನಕ ಕಾಯಲು ಏಳು ವರ್ಷದ ಹುಡುಗಿಗೆ ಆಗುವುದಿಲ್ಲ ಎಂಬುದನ್ನು ಮಾತ್ರ ನೆನಪಿಡಿ. ಅವಳನ್ನು ಯಾರೂ ಕೇಳಿರುವುದಿಲ್ಲ. ಅವಳ ಪರವಾಗಿ ಬೇಡ ಎನ್ನಬೇಕಾದವರು ಮನೆಯ ತಾಯಿ, ಅಜ್ಜಿ, ತಂದೆ, ಮಾವ.