ಎರಡು ಆನೆಯ ಚೀಟಿ

ಅಂಗಡಿಗೆ ಹೋಗಿ ಕಂಪನಿಯ ಹೆಸರು ಹೇಳದೆ 'ಕುದುರೆ ಮಾರ್ಕಿನದು ಕೊಡಿ' ಎಂದು ಕೇಳುವ ರೂಢಿ ನಮ್ಮಲ್ಲಿ ಹಳೆಯದು. ಬೆಂಕಿಪೊಟ್ಟಣವಿರಲಿ, ಬೀಡಿ ಕಟ್ಟಿರಲಿ, ಗಿರಾಕಿಯ ನೆನಪಿನಲ್ಲಿ ನಿಲ್ಲುತ್ತಿದ್ದುದು ತಯಾರಕನ ಹೆಸರಲ್ಲ, ಮೇಲೆ ಅಂಟಿಸಿದ ಚಿತ್ರ. ಬಳಸಿ ಬಿಸಾಡುತ್ತಿದ್ದ ಆ ಚಿತ್ರಗಳಿಗೆ ಈಗ ಬೆಲೆ ಬಂದಿದೆ. ಹೊಸ ಹೋಟೆಲಿನ ಫಲಕಕ್ಕೋ, ಪುಸ್ತಕದ ಹೊದಿಕೆಗೋ, ಕಾಫಿಪುಡಿಯ ಪೊಟ್ಟಣಕ್ಕೋ ಮಾದರಿ ಬೇಕಾದಾಗ ವಿನ್ಯಾಸಗಾರರು ಅಜ್ಜನ ಕಾಲದ ಚೀಟಿಗಳನ್ನು ಹುಡುಕಿಕೊಂಡು ಹೋಗುತ್ತಾರೆ.

ಬೆಂಗಳೂರಿನಲ್ಲಿ ಇಂಥವರು ಹೋಗಬಹುದಾದ ಒಂದು ತಾಣ ದಂಡು ಪ್ರದೇಶದ ಅಂಚಿನಲ್ಲೇ ಇದೆ. ಕಸ್ತೂರಬಾ ರಸ್ತೆಯಲ್ಲಿ 2023ರ ಫೆಬ್ರುವರಿಯಲ್ಲಿ ಬಾಗಿಲು ತೆರೆದ, 'ಮ್ಯಾಪ್' ಎಂದೇ ಪರಿಚಿತವಾದ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯವದು. ಅಭಿಷೇಕ್ ಪೊದ್ದಾರ್ ಅವರ ಸಂಗ್ರಹದಿಂದ ಬೆಳೆದ ಈ ಸಂಸ್ಥೆಯಲ್ಲಿ ಹೆಸರಾಂತ ಕಲಾವಿದರ ಕೃತಿಗಳ ಜೊತೆಗೆ ಕ್ಯಾಲೆಂಡರ್ ಚಿತ್ರ, ಸಿನಿಮಾ ಪೋಸ್ಟರ್, ಬಟ್ಟೆಯ ಚೀಟಿಗಳಿಗೂ ಜಾಗ ಸಿಕ್ಕಿದೆ. 2025ರಲ್ಲಿ ಅಲ್ಲಿ 'ಟಿಕೆಟ್ ಟೀಕಾ ಛಾಪ್' ಎಂಬ ಪ್ರದರ್ಶನ ನಡೆಯಿತು. ಅದರ ವಸ್ತು ಒಂದೇ: ಬ್ರಿಟನ್ನಿನ ಗಿರಣಿಗಳು ಭಾರತಕ್ಕೆ ಕಳುಹಿಸುತ್ತಿದ್ದ ಬಟ್ಟೆಯ ಮೇಲಿನ ಚೀಟಿ.

ಈ ಚೀಟಿಗಳು ಕಲ್ಲಚ್ಚಿನ ಮಕ್ಕಳು. ನುಣುಪಾದ ಕಲ್ಲಿನ ಮೇಲೆ ಜಿಡ್ಡಿನ ಮಸಿಯಲ್ಲಿ ಚಿತ್ರ ಬರೆದು ಅಚ್ಚು ತೆಗೆಯುವ ವಿದ್ಯೆಯನ್ನು 18ನೇ ಶತಮಾನದ ಕೊನೆಯಲ್ಲಿ ಜರ್ಮನಿಯ ಸೆನೆಫೆಲ್ಡರ್ ಕಂಡುಹಿಡಿದ. ಮುಂದೆ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು ಬಳಸಿ ಬಣ್ಣದ ಚಿತ್ರ ಮುದ್ರಿಸುವುದೂ ಸಾಧ್ಯವಾಯಿತು. ಮ್ಯಾಂಚೆಸ್ಟರಿನ ವ್ಯಾಪಾರಿಗಳಿಗೆ ಬೇಕಾಗಿದ್ದುದು ಇದೇ. ಮಡಿಸಿದ ಬಟ್ಟೆಯ ಮೇಲೆ ಅಂಟಿಸಿದ ಕಾಗದದಲ್ಲಿ ಕೃಷ್ಣ, ಲಕ್ಷ್ಮಿ, ಹುಲಿ, ನವಿಲು, ರೈಲುಗಾಡಿ, ಮಹಾರಾಜರು ಎಲ್ಲರೂ ಬಂದರು. ಇಂಗ್ಲೆಂಡಿನಲ್ಲಿ ಕುಳಿತು ನಮ್ಮ ದೇವರನ್ನು ಬರೆದವರಿಗೆ ಕಥೆ ಗೊತ್ತಿರಲಿಲ್ಲ ಎಂಬುದು ಕೆಲವು ಚಿತ್ರಗಳ ಮುಖ ನೋಡಿದರೇ ತಿಳಿಯುತ್ತದೆ. ಮುಂದೆ ರವಿವರ್ಮನ ಚಿತ್ರಗಳ ನಕಲೂ ಚೀಟಿ ಏರಿತು.

ಚಿತ್ರವೇ ಏಕೆ? ಇದಕ್ಕೆ ಉತ್ತರ ಇಂಗ್ಲೆಂಡಿನ ನ್ಯಾಯಾಲಯದ ಒಂದು ಮೊಕದ್ದಮೆಯಲ್ಲಿದೆ. ಸ್ಕಾಟ್ಲೆಂಡಿನ ಆರ್ಚಿಬಾಲ್ಡ್ ಆರ್ ಯೂಯಿಂಗ್ ಕಂಪನಿ ಕೆಂಪು ಬಣ್ಣ ಹಾಕಿದ ನೂಲನ್ನು ಏಡನ್, ಮುಂಬಯಿಗಳಿಗೆ ಕಳುಹಿಸುತ್ತಿತ್ತು. ಅದರ ಚೀಟಿಯಲ್ಲಿ ಎರಡು ಆನೆ. ಪೇಟೆಯಲ್ಲಿ ಆ ನೂಲಿಗೆ 'ಭೇ ಹಾಥಿ', ಅಂದರೆ ಎರಡು ಆನೆ, ಎಂದೇ ಹೆಸರು ಬಿದ್ದಿತ್ತು. ಜಾನ್‌ಸ್ಟನ್ ಎಂಬ ಇನ್ನೊಂದು ಕಂಪನಿ ಬೇರೆ ಭಂಗಿಯ ಎರಡು ಆನೆಗಳನ್ನಿಟ್ಟು ತನ್ನ ನೂಲು ಮಾರಲು ಹೊರಟಿತು. ಎರಡೂ ಚೀಟಿಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಯಾರಿಗಾದರೂ ವ್ಯತ್ಯಾಸ ಕಾಣುತ್ತಿತ್ತು. ಆದರೂ 1882ರಲ್ಲಿ ಲಾರ್ಡ್ಸ್ ಸಭೆ ಆರ್ ಯೂಯಿಂಗ್ ಪರವಾಗಿ ತೀರ್ಪು ಕೊಟ್ಟಿತು. ಇಂಗ್ಲಿಷ್ ಓದಲಾರದ ಗಿರಾಕಿ ಆನೆ ಎರಡಿವೆಯೇ ಎಂದಷ್ಟೇ ನೋಡುತ್ತಾನೆ, ಅವನು ಮೋಸಹೋಗುವ ಸಂಭವವಿದೆ ಎಂಬುದು ಅದರ ತರ್ಕ. ಲಂಡನ್ನಿನ ದೊಡ್ಡ ನ್ಯಾಯಮೂರ್ತಿಗಳು ನಮ್ಮ ಸಂತೆಯ ಗಿರಾಕಿಯ ಕಣ್ಣಿನಿಂದ ಚಿತ್ರ ನೋಡಬೇಕಾಗಿ ಬಂದದ್ದು ಒಂದು ಸೋಜಿಗ. ಅತ್ತ ಭಾರತದಲ್ಲಿ ವ್ಯಾಪಾರಚಿಹ್ನೆ ನೋಂದಾಯಿಸುವ ಕಾನೂನು ಬಂದದ್ದು 1940ರಲ್ಲಿ.

ಈ ಚೀಟಿಗಳ ಚೆಲುವನ್ನು ಮೆಚ್ಚುವಾಗ ಅವು ಯಾವುದಕ್ಕೆ ಅಂಟಿಕೊಂಡಿದ್ದವೆಂಬುದನ್ನು ಮರೆಯುವಂತಿಲ್ಲ. ಒಂದು ಕಾಲದಲ್ಲಿ ಜಗತ್ತಿಗೇ ಬಟ್ಟೆ ಕೊಟ್ಟಿದ್ದ ನಾಡು 19ನೇ ಶತಮಾನದ ಉತ್ತರಾರ್ಧದ ಹೊತ್ತಿಗೆ ಲ್ಯಾಂಕಷೈರ್ ಗಿರಣಿಗಳ ಅತಿ ದೊಡ್ಡ ಮಾರುಕಟ್ಟೆಯಾಗಿತ್ತು. ನೇಕಾರನ ಮಗ್ಗಕ್ಕೆ ಪೆಟ್ಟು ಕೊಟ್ಟ ಬಟ್ಟೆಯೇ ಅವನ ಇಷ್ಟದೈವದ ಚಿತ್ರ ಹೊತ್ತು ಅವನ ಊರಿಗೆ ಬಂತು. ಸ್ವದೇಶಿ ಚಳವಳಿಯ ಕಾಲಕ್ಕೆ ದೇಶೀ ಗಿರಣಿಗಳೂ ಅದೇ ಉಪಾಯ ಹಿಡಿದು ಭಾರತಮಾತೆಯನ್ನೂ ಚರಕವನ್ನೂ ಚೀಟಿಗೆ ತಂದವು. ಇದೆಲ್ಲ ಬಿಟ್ಟು ಅಂಚಿನ ಹೂಬಳ್ಳಿಯನ್ನು ಮಾತ್ರ ಕತ್ತರಿಸಿಕೊಂಡರೆ ಅದು ಬರೀ ಹೂಬಳ್ಳಿ.

ಚಿತ್ರದ ಮೂಲಕ ಮಾತಾಡುವ ಅಗತ್ಯ ಬೆಂಗಳೂರು ದಂಡಿಗೂ ಇತ್ತು. 1809ರಲ್ಲಿ ಹುಟ್ಟಿ, 1949ರಲ್ಲಿ ನಗರದೊಡನೆ ಒಂದಾದ ಈ ಪ್ರದೇಶದಲ್ಲಿ ತಮಿಳು, ಉರ್ದು, ತೆಲುಗು, ಕನ್ನಡ, ಇಂಗ್ಲಿಷ್ ಒಂದೇ ಬೀದಿಯಲ್ಲಿ ಓಡಾಡುತ್ತಿದ್ದವು. ಶಿವಾಜಿನಗರದಂಥ ಪೇಟೆಯಲ್ಲಿ ಒಂದು ಲಿಪಿಯನ್ನು ನಂಬಿ ಕೂತರೆ ಅರ್ಧ ಗಿರಾಕಿಗಳು ಮುಂದೆ ಹೋದಂತೆಯೇ. ಬೀಗ ರಿಪೇರಿಯವನ ಹಲಗೆಯ ಮೇಲೆ ಬೀಗದ ಕೈ, ಕನ್ನಡಕದ ಅಂಗಡಿಯ ಮೇಲೆ ಒಂದು ಜೊತೆ ಕಣ್ಣು ಇದ್ದರೆ ಯಾವ ಭಾಷೆಯವನಿಗೂ ಸಾಕು.

ಕಬ್ಬನ್ ಪಾರ್ಕಿನ ಬಳಿ ಆರಂಭವಾದ ಸರ್ಕಾರಿ ಸಾಬೂನು ಕಾರ್ಖಾನೆಗೂ ಈ ಗುಟ್ಟು ಗೊತ್ತಿತ್ತು. 1918ರಲ್ಲಿ ಪೇಟೆಗೆ ಬಂದ ಮೈಸೂರು ಸ್ಯಾಂಡಲ್ ಸೋಪಿಗೆ ಆಭರಣದ ಪೆಟ್ಟಿಗೆಯಂಥ ಹೂವಿನ ಚಿತ್ತಾರದ ಡಬ್ಬಿ. ಗುರುತಾಗಿ ಸಿಂಹದ ಮೈ, ಆನೆಯ ತಲೆಯ ಶರಭ. ಡಬ್ಬಿಯ ಚಿತ್ರ ಟ್ರಾಂ ಟಿಕೆಟ್ಟು, ಬೆಂಕಿಪೊಟ್ಟಣಗಳ ಮೇಲೂ ಬಂತು. ಕರಾಚಿಯಲ್ಲಿ ಸೋಪಿನ ಪ್ರಚಾರಕ್ಕೆಂದು ಒಂಟೆಗಳ ಮೆರವಣಿಗೆಯನ್ನೇ ಮಾಡಿದರು. ಶರಭ ಇನ್ನೂ ಡಬ್ಬಿಯ ಮೇಲಿದೆ.

ಫಲಕ ಬರೆಯುವವರ ಕುಂಚಕ್ಕೆ ಅಷ್ಟು ಆಯುಷ್ಯ ಸಿಗಲಿಲ್ಲ. ಫ್ಲೆಕ್ಸ್ ಬಂದ ಮೇಲೆ ವಾರದ ಕೆಲಸ ಗಂಟೆಯಲ್ಲಿ ಮುಗಿಯತೊಡಗಿತು. 2018ರಲ್ಲಿ ಹೈಕೋರ್ಟ್ ಗದರಿದ ಮೇಲೆ ಪಾಲಿಕೆ ನಗರದ ಫ್ಲೆಕ್ಸ್‌ಗಳನ್ನು ತೆಗೆಸಿತಾದರೂ ಆ ಕೆಲಸವೆಲ್ಲ ಕುಂಚಕ್ಕೆ ಮರಳಲಿಲ್ಲ. ಈಗ ಇಂದಿರಾನಗರದ ಹೋಟೆಲುಗಳಿಗೆ 'ಹಳೆಯ ಬೆಂಗಳೂರಿನ ಕಳೆ' ಬೇಕು. ದಪ್ಪ ನೆರಳಿನ, ತುದಿ ತಿರುಚಿದ ಆ ಅಕ್ಷರಗಳ ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ತಿದ್ದಿ, ಕುಂಚ ಜಾರಿದ ಗುರುತನ್ನೂ ಬಿಡದೆ ಅಚ್ಚು ಹಾಕಿಸಿ ಗೋಡೆಗೆ ಅಂಟಿಸುತ್ತಾರೆ. ಅಂಥ ಅಕ್ಷರವನ್ನು ಅದೇ ಗೋಡೆಯ ಮೇಲೆ ಕೈಯಿಂದಲೇ ಬರೆಯಬಲ್ಲವರು ಇನ್ನೂ ಇದ್ದಾರೆ.