ಅರ್ಬುದರೋಗವೂ ಅನುಚ್ಚಾರಿತ ಅಕ್ಷರಗಳೂ

ಸಂಸ್ಕೃತ ವ್ಯಾಕರಣಕ್ಕೆ ಹೊಸಬರಾದ ವಿದ್ಯಾರ್ಥಿಗಳಿಗೆ ‘ಘಞ್’ ಎಂಬ ಪ್ರತ್ಯಯವು ಬೆರಗನ್ನುಂಟುಮಾಡುವುದು. ಅದರ ಘಕಾರ ಞಕಾರಗಳೆರಡೂ ಲೋಪಹೊಂದಿ, ಕಡೆಗೆ ಉಳಿಯುವುದು ಅಕಾರವೊಂದೇ. ಆದರೂ ‘ರುಜ್’ ಧಾತುವಿನ ಜಕಾರವು ಗಕಾರವಾಗಿ ‘ರೋಗ’ವೆಂಬ ಶಬ್ದವು ಸಿದ್ಧಿಸುವುದಕ್ಕೆ ಆ ಲೋಪವಾದ ಘಕಾರವೇ ನಿಮಿತ್ತ, ‘ಪಚ್’ ಎಂಬುದು ‘ಪಾಕ’ವಾಗುವಲ್ಲಿ ಸ್ವರವು ದೀರ್ಘವಾಗುವುದಕ್ಕೆ ಆ ಞಕಾರವೇ ಕಾರಣ. ತಾವು ಉಚ್ಚಾರಣೆಗೆ ಬಾರದೆ ಪದದ ರೂಪವನ್ನು ಆಳುವ ಈ ಅಕ್ಷರಗಳಿಗೆ ಅನುಬಂಧಗಳೆಂದು ಹೆಸರು. ಪ್ರಕೃತ ಲೇಖನದ ವಿಷಯವು ವ್ಯಾಕರಣವಲ್ಲ. ಜನರು ಕ್ಯಾನ್ಸರ್ ಎಂದು ಕರೆಯುವ ಅರ್ಬುದರೋಗ. ಆದರೆ ಆ ರೋಗದ ವಿಷಯದಲ್ಲಿ ಈಚಿನ ಶಾಸ್ತ್ರಜ್ಞರು ಕಂಡುಕೊಂಡ ಒಂದು ಸಂಗತಿಗೆ ಇದಕ್ಕಿಂತ ಹತ್ತಿರದ ದೃಷ್ಟಾಂತವು ನನಗೆ ದೊರೆಯಲಿಲ್ಲ.

ಅರ್ಬುದವೆಂಬ ಹೆಸರು ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿದೆ. ಆಳವಾಗಿ ಬೇರೂರಿ, ಮೆಲ್ಲಮೆಲ್ಲನೆ ಬೆಳೆದು, ಕೀವುಗಟ್ಟದೆ ಇರುವ ಗಡ್ಡೆಯನ್ನು ಅಲ್ಲಿ ವರ್ಣಿಸಿ, ಒಂದರ ಮೇಲೊಂದು ಹುಟ್ಟುವುದನ್ನು ಅಧ್ಯರ್ಬುದವೆಂದು ಬೇರೆಯಾಗಿ ಹೇಳಿ, ಅದನ್ನು ಅಸಾಧ್ಯಪಕ್ಷಕ್ಕೆ ಸೇರಿಸಿದೆ. ಕಣ್ಣಿಗೆ ಕಂಡುದನ್ನು ಇಷ್ಟು ನಿಷ್ಕೃಷ್ಟವಾಗಿ ಬರೆದಿಟ್ಟುದೇ ದೊಡ್ಡದು. ಈಗ ಸೂಕ್ಷ್ಮಯಂತ್ರಗಳಿಂದ ತಿಳಿದುದೆಲ್ಲವೂ ಆಗಲೇ ತಿಳಿದಿತ್ತೆಂದು ಸಭೆಗಳಲ್ಲಿ ಸಾರುವವರೊಡನೆ ಮಾತ್ರ ನನಗೆ ಸಹಮತವಿಲ್ಲ. ಪೂರ್ವಿಕರಿಗೆ ಅವರು ಗಳಿಸಿದ ಕೀರ್ತಿಯೇ ಸಾಕು.

ನಮ್ಮ ದೇಹದ ಒಂದೊಂದು ಜೀವಕೋಶದಲ್ಲಿಯೂ ಡಿಎನ್‌ಎ ಎಂಬ ಮೂಲಗ್ರಂಥವಿರುವುದು. ಅದರ ಅಕ್ಷರಗಳು ಸುಮಾರು 300 ಕೋಟಿ. ಬೇಕಾದ ಭಾಗವನ್ನು ಪ್ರತಿಮಾಡಿಕೊಂಡ ಓಲೆಯೇ ಆರ್‌ಎನ್‌ಎ. ಆ ಓಲೆಯನ್ನೋದಿ ಕೋಶವು ಪ್ರೋಟೀನುಗಳನ್ನು ನಿರ್ಮಿಸುವುದು. ಈ ಸಂದೇಶವಾಹಕ ಓಲೆಯು ಗೊತ್ತಾದುದು 1961ರಲ್ಲಿ. ಆದರೆ ಪ್ರೋಟೀನುಗಳ ಪಾಠವಿರುವುದು ಗ್ರಂಥದ ನೂರರಲ್ಲಿ ಎರಡು ಪಾಲಿಗಿಂತಲೂ ಕಡಿಮೆ. ಉಳಿದುದೇಕೆ? 1972ರಲ್ಲಿ ಸುಸುಮು ಓನೋ ಎಂಬ ಪಂಡಿತರು ಅದರ ಬಹುಭಾಗವನ್ನು ‘ಕಸ’ವೆಂದು ಕರೆದರು. ಅವರು ಕೊಟ್ಟ ಯುಕ್ತಿಗಳು ಹಗುರವಾದವಲ್ಲ, ಇಂದಿಗೂ ಆ ವಾದವು ಮುಗಿದಿಲ್ಲ. ಆದರೆ ಹೆಸರಿನ ಬಲವು ಯುಕ್ತಿಯ ಬಲಕ್ಕಿಂತ ಹೆಚ್ಚಿನದು. ಕಸವೆಂದ ಮೇಲೆ ಅದನ್ನು ಕೆದಕುವವರು ಕಡಿಮೆಯಾದರು.

1993ರಲ್ಲಿ ಅಮೆರಿಕದ ವಿಕ್ಟರ್ ಆಂಬ್ರೋಸ್, ಗ್ಯಾರಿ ರವ್ಕುನ್ ಎಂಬಿಬ್ಬರು ಒಂದು ಮಿಲಿಮೀಟರ್ ಉದ್ದದ ಹುಳುವೊಂದರಲ್ಲಿ ಒಂದು ಕಿರಿಯ ಆರ್‌ಎನ್‌ಎಯನ್ನು ಕಂಡರು. ಅದಕ್ಕೆ ಸುಮಾರು 22 ಅಕ್ಷರಗಳಷ್ಟೆ. ಅದರಿಂದ ಯಾವ ಪ್ರೋಟೀನೂ ಹುಟ್ಟದು. ಬೇರೊಂದು ಸಂದೇಶದ ಓಲೆಯ ಕೊನೆಗೆ ಅಂಟಿಕೊಂಡು ಅದನ್ನು ಮೌನಗೊಳಿಸುವುದೇ ಅದರ ಕೆಲಸ. ಹುಳುವಿನ ವೈಚಿತ್ರ್ಯವೆಂದು ಲೋಕವು ಅದನ್ನು ಏಳು ವರ್ಷ ಅಲಕ್ಷ್ಯಮಾಡಿತು. 2000ದಲ್ಲಿ ರವ್ಕುನ್ನರು ಅಂತಹುದೇ ಮತ್ತೊಂದನ್ನು ಮನುಷ್ಯನಲ್ಲಿಯೂ ತೋರಿಸಿದ ಮೇಲೆ ಎಲ್ಲರ ಕಣ್ಣೂ ಅತ್ತ ತಿರುಗಿತು. ಇವುಗಳಿಗೆ ಮೈಕ್ರೋ ಆರ್‌ಎನ್‌ಎ ಎಂದು ಹೆಸರಾಯಿತು. ಆ ಇಬ್ಬರಿಗೆ ನೊಬೆಲ್ ಪಾರಿತೋಷಕವು ದೊರೆತುದು 2024ರಲ್ಲಿ.

ಅರ್ಬುದಕ್ಕೂ ಇದಕ್ಕೂ ಇರುವ ಸಂಬಂಧವು ಮೊದಲು ಸ್ಪಷ್ಟವಾದುದು 2002ರಲ್ಲಿ. ವೃದ್ಧರಲ್ಲಿ ಹೆಚ್ಚಾಗಿ ಕಾಣುವ ಒಂದು ಬಗೆಯ ರಕ್ತದ ಕ್ಯಾನ್ಸರಿನಲ್ಲಿ ಹದಿಮೂರನೆಯ ಕ್ರೋಮೋಸೋಮಿನ ಒಂದು ತುಣುಕು ಅನೇಕರಲ್ಲಿ ಕಳೆದುಹೋಗಿರುವುದು. ಅಲ್ಲಿ ಯಾವ ಪ್ರೋಟೀನಿನ ಪಾಠವಿತ್ತೆಂದು ವರ್ಷಗಟ್ಟಲೆ ಹುಡುಕಿದರೂ ತಕ್ಕುದು ಸಿಕ್ಕಿರಲಿಲ್ಲ. ಕಾರ್ಲೋ ಕ್ರೋಚೆಯವರ ಬಳಗವು ಅಲ್ಲಿ ಎರಡು ಮೈಕ್ರೋ ಆರ್‌ಎನ್‌ಎಗಳಿರುವುದನ್ನು ಕಂಡಿತು. ಕೋಶವನ್ನು ಸಾಯಗೊಡದ ಒಂದು ಪ್ರೋಟೀನನ್ನು ಅವು ಅಡಗಿಸುತ್ತವೆಂಬುದು 2005ರಲ್ಲಿ ತಿಳಿಯಿತು. ಅವು ಲೋಪವಾದರೆ, ಕಾಲಬಂದಾಗ ಸಾಯಬೇಕಾದ ಕೋಶವು ಸಾಯದೆ ಉಳಿಯುವುದು. ಅನುಬಂಧಲೋಪಕ್ಕೆ ವಿಧಿಯುಂಟು, ಇದು ವಿಧಿಯಿಲ್ಲದ ಲೋಪ. ಇವಲ್ಲದೆ ಸಾವಿರಾರು ಅಕ್ಷರಗಳ ಉದ್ದದವೂ ಉಂಟು. ಅವುಗಳಲ್ಲೊಂದು ಹೆಚ್ಚಾದಾಗ ಸ್ತನದ ಅರ್ಬುದವು ಬೇರೆ ಅವಯವಗಳಿಗೆ ಹರಡುವುದೆಂದು 2010ರಲ್ಲಿ ಪ್ರಕಟವಾಯಿತು.

ಇದು ದೂರದೇಶದ ಕಥೆ ಮಾತ್ರವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅರುಣ್ ಕುಮಾರ್ ಎಂಬ ಪ್ರಾಧ್ಯಾಪಕರೂ ಅವರ ಸಹಚರರೂ ಬಾಯಿಯ ಅರ್ಬುದವನ್ನು ಶೋಧಿಸಿ 2013ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. 155ನೆಯದೆಂಬ ಮೈಕ್ರೋ ಆರ್‌ಎನ್‌ಎಯು ಆ ಗಡ್ಡೆಗಳಲ್ಲಿ ಮಿತಿಮೀರಿ, ಕೋಶದ ಬೆಳವಣಿಗೆಗೆ ಕಡಿವಾಣವಾದ ಒಂದು ಪ್ರೋಟೀನಿನ ಸಂದೇಶವನ್ನು ಅಡಗಿಸುತ್ತದೆ. ಅದಕ್ಕೆ ಪ್ರತಿಯಾದುದನ್ನು ಕೊಟ್ಟಾಗ ಇಲಿಗಳಲ್ಲಿ ಗಡ್ಡೆಯ ಬೆಳವಣಿಗೆಯು ತಗ್ಗಿತು. ಇಲಿಗೆ ಹಿತವಾದುದು ಮನುಷ್ಯನಿಗೂ ಹಿತವೆಂದು ಕೂಡಲೆ ನಂಬಲಾಗದು. ಬೇರೊಂದು ಮೈಕ್ರೋ ಆರ್‌ಎನ್‌ಎಯನ್ನು ಔಷಧವಾಗಿ ರೋಗಿಗಳಿಗೆ ಕೊಡುವ ಪ್ರಯೋಗವು ಅಮೆರಿಕದಲ್ಲಿ 2013ರಲ್ಲಿ ಆರಂಭವಾಗಿ, ಕೆಲವರಿಗೆ ತೀವ್ರವಾದ ಬಾಧೆಗಳುಂಟಾದುದರಿಂದ 2016ರಲ್ಲಿ ನಿಂತುಹೋಯಿತು.

ಬಾಯಿಯ ಅರ್ಬುದವೆಂದ ಮೇಲೆ ನಮ್ಮ ಸೀಮೆಯ ಮಾತನ್ನಾಡದಿರುವುದು ಅಪ್ರಾಮಾಣಿಕತೆಯಾದೀತು. ಧರ್ಮಸ್ಥಳದಿಂದ ನೇತ್ರಾವತಿಯ ದಡ ಹಿಡಿದು ಬಂಟ್ವಾಳದವರೆಗೆ ಹೋದರೆ ಕಣ್ಣಿಗೆ ಬೀಳುವುದು ಅಡಕೆಯ ತೋಟಗಳೇ. ಹೊಗೆಸೊಪ್ಪು ಬೆರೆಸಿದ ವೀಳ್ಯವು ಅರ್ಬುದಕಾರಕವೆಂದು ಲೋಕ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಲಿಯು 1985ರಲ್ಲಿಯೇ ಹೇಳಿತ್ತು. ಹೊಗೆಸೊಪ್ಪಿಲ್ಲದಿದ್ದರೂ ಅಡಕೆಯೊಂದೇ ಸಾಕೆಂದು 2004ರ ವರದಿಯಲ್ಲಿ ಹೇಳಿತು. ಇದನ್ನು ನಾನು ನೆರೆಮನೆಯ ಕೃಷಿಕರೊಬ್ಬರಿಗೆ ಹೇಳಿದಾಗ, “ಮಾಸ್ಟ್ರೇ, ನಿಮಗೆ ಪೆನ್‌ಶನ್ ಉಂಟು, ನಾವು ತೋಟ ಕಡಿದು ಎಂತ ನೆಡುವುದು?” ಎಂದರು. ಉತ್ತರವು ನನ್ನಲ್ಲಿರಲಿಲ್ಲ.

ಪಾಠಶಾಲೆಯಲ್ಲಿ ನನ್ನೊಡನೆ ಓದಿದ ಮಿತ್ರರೊಬ್ಬರಿಗೆ ಎಡಗೆನ್ನೆಯೊಳಗೆ ಬಿಳಿಯ ಮಚ್ಚೆಯೊಂದು ಕಾಣಿಸಿಕೊಂಡಿತು. ಸುಣ್ಣ ಹೆಚ್ಚಾಗಿ ಸುಟ್ಟುದೆಂದು ಅವರೂ ತಿಳಿದರು, ನೋಡಿದ ನಾನೂ ತಿಳಿದೆನು. ಏಳೆಂಟು ತಿಂಗಳು ಹಾಗೆಯೇ ಕಳೆಯಿತು. ಬಾಯಿ ತೆರೆಯುವುದು ಕಷ್ಟವಾದ ಮೇಲೆಯೇ ವೈದ್ಯರಿಗೆ ತೋರಿಸಿದುದು. ಘಞ್ ಪ್ರತ್ಯಯದ ಪಾಠದ ದಿನ ನನ್ನ ಬದಿಯಲ್ಲಿ ಕುಳಿತು, ಹೇಳದ ಅಕ್ಷರವನ್ನು ಇಡುವುದೇಕೆಂದು ಗುರುಗಳನ್ನು ಕೇಳಿದವರು ಅವರೇ. ಕಡೆಯ ತಿಂಗಳುಗಳಲ್ಲಿ ಅವರಿಗೆ ಮಾತು ನಿಂತಿತ್ತು. ಬೇಕಾದುದನ್ನು ನನ್ನ ಮೊಮ್ಮಗಳ ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದರು.